ಅಕ್ಕೋರ ಸೋಮವಾರ

ಕಳೆದ ತಿಂಗಳು ಶಿಕಾರಿಪುರದಿಂದ ಫೋನ್ ಬಂತು. ಅಕ್ಕೋರ ಯಜಮಾನರು ತೀರಿಕೊಂಡಿದ್ದರು. ಅಕ್ಕೋರು ಹೋಗಿ ಬಹಳ ವರ್ಷಗಳಾದವು, ಈಗ ಇವರೂ ಹೋದರು. ಮಕ್ಕಳಿಲ್ಲದ ಮನೆ. ಫೋನ್ ಮಾಡಿದ್ದು ಯಜಮಾನರ ತಮ್ಮನ ಮಗ. ಮಣ್ಣಿಗೆ ಹೋಗಲು ನನ್ನಿಂದ ಆಗಲಿಲ್ಲ. ಮಂಡಿನೋವಿನಿಂದ ಮನೆಯೊಳಗೇ ಕೋಲು ಹಿಡಿದು ಓಡಾಡುವವನು ನಾನು. ಆದರೆ ಅವತ್ತಿನಿಂದ ಒಂದು ಯೋಚನೆ ತಲೆಯಲ್ಲಿ ಕೂತಿದೆ. ಇನ್ನು ಅಕ್ಕೋರ ಬಗ್ಗೆ ಬರೆದರೆ ನೋಯುವವರು ಯಾರೂ ಉಳಿದಿಲ್ಲ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಹೆಸರು ಹಿಡಿದು ಕರೆಯುವ ರೂಢಿ ಇಲ್ಲ. ನಾನು ಅವರನ್ನು ಹಾಗೆ ಕರೆಯತೊಡಗಿದ್ದು ಊರಿನಲ್ಲಲ್ಲ, ಒಮಾನ್ ದೇಶದ ಒಂದು ಪಟ್ಟಣದಲ್ಲಿ. ತೊಂಬತ್ತರ ದಶಕದ ಆರಂಭ. ಅಲ್ಲಿ ದುಡಿಯುವ ಭಾರತದವರ ಮಕ್ಕಳಿಗಾಗಿ ಒಂದು ಶಾಲೆ ಇತ್ತು. ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿ, ಎಲ್ಲೂ ಕಾಲೂರದೆ ಕೆಲಸ ಬಿಡುತ್ತಾ ಹಿಡಿಯುತ್ತಾ ಇದ್ದ ನಾನು ಆ ಶಾಲೆಗೆ ಬಂದು ಬಿದ್ದಿದ್ದೆ. ಅಕ್ಕೋರು ಚಿಕ್ಕ ತರಗತಿಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು.

"ಎಂಥ ಎಂಥ ಅಂತೀರಲ್ಲ, ಯಾವ ಊರೋರ್ರಿ ನೀವು?" ಎಂದು ಕೇಳಿದರು.

"ಸೊರಬ."

"ಶಿವನೇ. ಸಮುದ್ರ ದಾಟಿ ಬಂದ್ರೂ ಸೊರಬದೋರು ಬಿಡಲಿಲ್ಲ ನೋಡ್ರಿ."

ಅವರದು ಶಿಕಾರಿಪುರ. ಹುಟ್ಟಿದ್ದು ಉಡುತಡಿ ಕಡೆಯ ಹಳ್ಳಿ, ಕೊಟ್ಟದ್ದು ಶಿಕಾರಿಪುರದ ಪೇಟೆಗೆ. ಈ ಮಾತುಕತೆ ಸ್ಟಾಫ್ ರೂಮಿನಲ್ಲಿ ನಡೆಯಿತೋ ಶಾಲೆಯ ಬಸ್ಸಿನಲ್ಲೋ ಈಗ ಹೇಳಲಾರೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಹತ್ತಾರು ಸಲ ಮನಸ್ಸಿನಲ್ಲಿ ಹೇಳಿಕೊಂಡ ಕತೆಯಲ್ಲಿ ನಡೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು ಎಂದು ಬಿಡಿಸಿ ಹೇಳುವ ಶಕ್ತಿ ನನಗಿಲ್ಲ. ಅನುಮಾನ ಇರುವ ಕಡೆ ಇದೆ ಎಂದು ಹೇಳಿಬಿಡುತ್ತೇನೆ.

ಅಕ್ಕೋರು ಕುಳ್ಳಗಿದ್ದರು. ನಡಿಗೆ ಮಾತ್ರ ಬಿರುಸು. ಸೆರಗನ್ನು ಸೊಂಟಕ್ಕೆ ಬಿಗಿದು, ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಡೆಯುತ್ತಿದ್ದರು. ರಜೆ ಬಂದರೆ ಬೆಟ್ಟ. ಆ ದೇಶದ ತುಂಬ ಬೆಟ್ಟಗಳು. ಮರವಿಲ್ಲ, ಹುಲ್ಲಿಲ್ಲ, ಬೂದಿ ಬಣ್ಣದ ಬರೀ ಕಲ್ಲು. ಅವನ್ನು ನೋಡಿ ನಮ್ಮಂಥವರು ಕಿಟಕಿ ಪರದೆ ಎಳೆದುಕೊಳ್ಳುತ್ತಿದ್ದೆವು. ಇವರಿಗೆ ಅದೇನು ಹುಚ್ಚೋ.

"ಎಂಥಕ್ಕೆ ಹತ್ತೋದು ಅಕ್ಕೋರೇ, ಮೇಲೆ ಎಂಥ ಇದೆ?" ಎಂದರೆ, "ಸೊರಬದೋರಿಗೆ ಮೇಲೆ ದೋಸೆ ಹೋಟ್ಲು ಇರಬೇಕು. ಸುಮ್ನೆ ಬರ್ರಿ, ಹೊಟ್ಟಿ ಕರಗ್ತತಿ" ಎನ್ನುತ್ತಿದ್ದರು. ನಾನು ಬೈದುಕೊಳ್ಳುತ್ತಲೇ ಹೋಗುತ್ತಿದ್ದೆ. ಮದುವೆಯಾಗದವನಿಗೆ ಅವರ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ದೊಡ್ಡ ಆಮಿಷ.

ಅವರ ಯಜಮಾನರು ಒಂದು ಕಟ್ಟಡದ ಕಂಪನಿಯಲ್ಲಿ ಸ್ಟೋರ್‌ಕೀಪರ್. ಅರಬ್ಬಿ ಮಾತು ಚೆನ್ನಾಗಿ ಬರುತ್ತಿತ್ತು, ಆದರೆ ಯಾವ ಭಾಷೆಯಲ್ಲೂ ಹೆಚ್ಚು ಆಡುತ್ತಿರಲಿಲ್ಲ. ಸುಳ್ಳು ಅವರ ಬಾಯಲ್ಲಿ ಹುಟ್ಟುತ್ತಿರಲಿಲ್ಲ. ಮನೆಗೆ ಬಂದವರ ಮುಂದೆಯೇ "ಇವತ್ತು ಸಾರು ಕೆಟ್ಟೈತಿ" ಎಂದು ಹೇಳಿ ಎರಡನೆಯ ಸಲ ಹಾಕಿಸಿಕೊಳ್ಳುವ ಮನುಷ್ಯ. ಅಕ್ಕೋರು ನಗುತ್ತಿದ್ದರು: "ಇವ್ರು ಊರಾಗೆ ಕಿರಾಣಿ ಅಂಗಡಿ ಇಟ್ಟಿದ್ರೆ ವಾರದಾಗೆ ಬಾಗಿಲು ಹಾಕಬೇಕಿತ್ರಿ. ಬ್ಯಾಳ್ಯಾಗೆ ಹುಳ ಅದಾವೆ, ಮುಂದಿನ ಅಂಗಡಿಗೆ ಹೋಗ್ರಿ ಅಂತ ತಾವೇ ಹೇಳ್ತಿದ್ರು."

ಯಜಮಾನರು ಕೆಳಗೆ ನೋಡಿಕೊಂಡು, "ಹುಳ ಇದ್ರೆ ಇಲ್ಲ ಅನ್ನಾಕೆ ಬರ್ತತೇನು?" ಎನ್ನುತ್ತಿದ್ದರು.

ಬೆಟ್ಟದ ಮೇಲೆ ಡಬ್ಬಿ ಬಿಚ್ಚುವ ಮೊದಲು ಅಕ್ಕೋರ ಪೂಜೆ ಆಗಬೇಕು. ಕೊರಳಿನ ಶಿವದಾರದಲ್ಲಿ, ಬಿಳಿಯ ಬಟ್ಟೆಯ ಗಂಟಿನೊಳಗೆ, ಅವರ ಇಷ್ಟಲಿಂಗ ಇರುತ್ತಿತ್ತು. ಅದನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ನೀರು ಬಿಟ್ಟು, ವಿಭೂತಿ ಹಚ್ಚಿ, ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂರುವರು. ಅದಾಗದೆ ಬೆಳಗ್ಗೆ ಎದ್ದವರು ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ನಾನೂ ಅದೇ ಮತದಲ್ಲಿ ಹುಟ್ಟಿದವನು. ಧಾರವಾಡದ ಹಾಸ್ಟೆಲ್ಲಿನಲ್ಲಿ ನನ್ನದನ್ನು ಬಿಚ್ಚಿಟ್ಟವನು ಮತ್ತೆ ಕಟ್ಟಿಕೊಳ್ಳಲಿಲ್ಲ. ಅಕ್ಕೋರಿಗೆ ಗೊತ್ತಿತ್ತು. ಒಂದು ದಿನವೂ ಉಪದೇಶ ಮಾಡಲಿಲ್ಲ.

"ದೇವರಿಗೆ ಹಸಿವಿಲ್ಲ ಅಕ್ಕೋರೇ. ನನಗಿದೆ, ಬೇಗ ಮುಗಿಸಿ."

"ದೇವರಿಗಿಲ್ಲ, ನನಗಿಲ್ಲ, ನಿಮಗೊಬ್ಬರಿಗೇ ಐತಿ. ಅಲ್ಪಸಂಖ್ಯಾತರು ಕಾಯ್ಬೇಕು."

ಇಷ್ಟನ್ನು ಹೇಳಿದ್ದು ಆ ಬೆಟ್ಟದ ದಿನದ ಬಗ್ಗೆ ಹೇಳಲಿಕ್ಕೆ. ಅದು ಮಾರ್ಚ್ ಕೊನೆ ಇರಬೇಕು. ಅಲ್ಲಿ ಅದಾದ ಮೇಲೆ ಬೆಟ್ಟ ಹತ್ತುವವರಿಲ್ಲ, ಬಿಸಿಲು ಕೊಲ್ಲುತ್ತದೆ. "ಈ ವರ್ಷದ ಕಡೇದು, ದೊಡ್ಡದನ್ನೇ ಹತ್ತಾನ" ಎಂದು ಅಕ್ಕೋರು ಹಟ ಹಿಡಿದರು. ದೊಡ್ಡದು ಎಂದರೆ ನಿಜಕ್ಕೂ ದೊಡ್ಡದು. ಹಿಂದೆ ಕತ್ತೆಗಳ ಮೇಲೆ ಖರ್ಜೂರ ಸಾಗಿಸುತ್ತಿದ್ದ ಹಳೆಯ ಜಾಡು, ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಕಣಿವೆ. ನಡುವೆ ಒಂದು ಕಡೆ ಜಾಡು ಕುಸಿದಿತ್ತು. ಅಲ್ಲಿ ಇಳಿಜಾರಿನ ಒಂದು ದೊಡ್ಡ ಹಾಸುಬಂಡೆಯನ್ನು ಹೊಟ್ಟೆಯ ಮೇಲೆ ಹಲ್ಲಿಯ ಹಾಗೆ ತೆವಳಿ ದಾಟಬೇಕು. ನೀರಿನ ಕ್ಯಾನು ತುಂಬಿದ ಚೀಲವನ್ನು ಅಕ್ಕೋರೇ ಬೆನ್ನಿಗೆ ಹಾಕಿಕೊಂಡಿದ್ದರು. ಯಜಮಾನರು ಕೇಳಿದರೆ ಕೊಡಲಿಲ್ಲ. ಚೀಲದ ಪಟ್ಟಿ ನೈಲಾನಿನದು, ಅಂಚು ಗರಗಸದಂತೆ ಒರಟು. ಅದು ಬೆಳಗ್ಗಿನಿಂದ ಅವರ ಕುತ್ತಿಗೆಯ ದಾರವನ್ನು ತೇಯುತ್ತಿತ್ತು ಎಂಬುದು ನಮಗೆ ಹೊಳೆದದ್ದು ಆಮೇಲೆ.

ಮೇಲೆ ತಲುಪಿದಾಗ ಬಿಸಿಲು ಏರಿತ್ತು. ಅಲ್ಲಿದ್ದ ಒಂದೇ ಸೊಟ್ಟ ಮರದ ಚೂರು ನೆರಳು. ನಾನು ಡಬ್ಬಿ ತೆಗೆದೆ, ಯಜಮಾನರು ಕ್ಯಾನಿನ ಮುಚ್ಚಳ ತಿರುಗಿಸಿದರು. ಅಕ್ಕೋರು ಕಾಲು ಮಡಚಿ ಕೂತು ಕೊರಳಿಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ದಾರದ ಒಂದು ತುದಿ ಬೆರಳಿಗೆ ಸಿಕ್ಕು ಹೊರಗೆ ಬಂತು. ಅದರಲ್ಲಿ ಏನೂ ಇರಲಿಲ್ಲ.

ಅವರು ಕೂಗಲಿಲ್ಲ. ಸೆರಗು ಕೊಡವಿದರು, ಬಟ್ಟೆ ತಡವಿದರು, ಕೂತಲ್ಲಿ ನೆಲ ನೋಡಿದರು. ಆಮೇಲೆ ಗಂಡನ ಮುಖ ನೋಡಿ, "ಬಿದ್ದೈತಿ" ಎಂದರು.

ಬಂದ ದಾರಿಯಲ್ಲಿ ಹುಡುಕುತ್ತಾ ಇಳಿದೆವು. ಬಿಸಿಲಿಗೆ ಬೆಳ್ಳಗೆ ಹೊಳೆಯುವ ಕಲ್ಲಿನ ಬೆಟ್ಟದಲ್ಲಿ ಬಿಳಿ ಬಟ್ಟೆಯ ಗಂಟು. ಎಲ್ಲ ಕಲ್ಲೂ ಅದೇ ಅನ್ನಿಸುತ್ತಿತ್ತು. ನಾನು ಬಗ್ಗಿ ಬಗ್ಗಿ ಎತ್ತಿದ್ದೆಲ್ಲ ಕಲ್ಲು. ಹಾಸುಬಂಡೆಗೆ ಬಂದಾಗ ಮೂವರಿಗೂ ಗೊತ್ತಾಯಿತು, ಹೋಗಿದ್ದರೆ ಇಲ್ಲೇ. ಹೊಟ್ಟೆ ಉಜ್ಜಿಕೊಂಡು ದಾಟಿದ ಜಾಗ, ಅದರ ಕೆಳಗೆ ಕಣಿವೆಯ ತಳ ಕಾಣದು. ಅಕ್ಕೋರು ಅಂಚಿನಲ್ಲಿ ಮಲಗಿ ಕೆಳಗೆ ನೋಡಿದರು. ಯಜಮಾನರು ಅವರ ಎರಡೂ ಕಾಲು ಹಿಡಿದು ಕೂತಿದ್ದರು. ಎಷ್ಟು ಹೊತ್ತು ಹಾಗಿದ್ದರೋ. ನನ್ನ ನೆನಪಿನಲ್ಲಿ ಅದು ಇಡೀ ಮಧ್ಯಾಹ್ನ. ಅಷ್ಟು ಇರಲಾರದು.

ಬಂಡೆ ದಾಟಿದ ಮೇಲೆ ನಾನು ಕ್ಯಾನು ಮುಂದೆ ಹಿಡಿದೆ. ಅಕ್ಕೋರು ತಲೆ ಅಲ್ಲಾಡಿಸಿದರು.

"ಲಿಂಗ ಇಲ್ದೆ ನೀರು ಇಳಿಯಲ್ರಿ."

ಆಗ ನಾನು ಏನೇನು ಹೇಳಿದೆ ಎಂದು ನೆನೆದರೆ ಈಗ ನಗು ಬರುತ್ತದೆ. ಲಿಂಗ ಎನ್ನುವುದು ಕಲ್ಲಲ್ಲ, ಪ್ರಾಣವೇ ಲಿಂಗ, ದೇಹವೇ ಗುಡಿ, ಅದನ್ನು ಒಣಗಿಸುವುದು ಪಾಪ. ಬಾಲ್ಯದಲ್ಲಿ ಮಠದ ಜಗಲಿಯಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಗುಡ್ಡೆ ಹಾಕಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ಚಲೋ ಹೇಳಿದ್ರಿ. ಆದ್ರೆ ನೀವು ನಂಬದ ಮಾತನ್ನ ನನಗ್ಯಾಕೆ ಹೇಳ್ತೀರಿ?"

ನಾನು ಯಜಮಾನರ ಕಡೆ ತಿರುಗಿದೆ. ಗಂಡ ಹೇಳಿದರೆ ಕೇಳಿಯಾರು ಎಂಬ ಆಸೆ. ಅವರು ನನ್ನ ಕೈಯಿಂದ ಕ್ಯಾನು ತೆಗೆದುಕೊಂಡು, ಮುಚ್ಚಳ ಬಿಗಿ ಮಾಡಿ, ಹೆಗಲಿಗೆ ಏರಿಸಿದರು. ತಾವೂ ಕುಡಿಯಲಿಲ್ಲ.

ಹೀಗೆ ಮೂವರು, ಒಂದು ಹನಿ ನೀರು ಹುಟ್ಟದ ಬೆಟ್ಟವನ್ನು, ತುಂಬಿದ ಕ್ಯಾನು ಹೊತ್ತುಕೊಂಡು, ಬಾಯಾರಿ ಇಳಿದೆವು. ನಾನು ಕುಡಿದೆನೇ? ಇಲ್ಲ ಎಂದೇ ನನ್ನ ನೆನಪು. ಆದರೆ ಅಷ್ಟು ಒಳ್ಳೆಯವನಾಗಿ ನನ್ನನ್ನು ತೋರಿಸುವ ನೆನಪನ್ನು ನಾನು ನಂಬುವುದಿಲ್ಲ.

ದಾರಿಯಲ್ಲಿ ಮೇಕೆ ಕಾಯುವ ಒಬ್ಬ ಮುದುಕಿ ಸಿಕ್ಕಳು. ಅಕ್ಕೋರ ಬಿರಿದ ತುಟಿ ನೋಡಿ ತನ್ನ ತೊಗಲಿನ ಚೀಲದಿಂದ ಬಟ್ಟಲಿಗೆ ನೀರು ಬಗ್ಗಿಸಿ ಕೊಟ್ಟಳು. ಅಕ್ಕೋರು ಬಟ್ಟಲನ್ನು ಕಣ್ಣಿಗೆ ಒತ್ತಿಕೊಂಡು ಹಿಂದಕ್ಕೆ ಕೊಟ್ಟರು. ಮುದುಕಿ ಯಜಮಾನರನ್ನು ಏನೋ ಕೇಳಿದಳು, ಅವರು ಹೌದು ಎಂದರು. ಅವಳು ಅಕ್ಕೋರ ಪಕ್ಕದಲ್ಲಿ ಕೂತು, ಮಗಳಿಗೆ ಬುದ್ಧಿ ಹೇಳುವ ಹಾಗೆ ಮೊಣಕಾಲು ತಟ್ಟುತ್ತಾ ಮಾತಾಡಿದಳು.

"ಏನಂತಾಳೆ?" ಎಂದರು ಅಕ್ಕೋರು.

"ಉಪವಾಸ ಐತೇನು ಅಂತ ಕೇಳಿದ್ಲು, ಹೌದಂದೆ. ದಾರಿ ನಡೆಯೋರಿಗೆ, ಜಡ್ಡಿನೋರಿಗೆ ಉಪವಾಸ ಬಿಡಾಕೆ ದೇವರೇ ಬಿಟ್ಟಾನಂತೆ. ಈಗ ಕುಡಿ, ಊರು ಮುಟ್ಟಿದ ಮ್ಯಾಲೆ ಬಿಟ್ಟ ದಿನಾನ ತೀರಿಸು ಅಂತಾಳೆ."

ಅಕ್ಕೋರು ಮುದುಕಿಯ ಕೈ ಹಿಡಿದುಕೊಂಡರು. "ಎಷ್ಟು ಚಂದದ ದೇವರು. ಆದ್ರೆ ಅದು ಅವರಿಗೆ ಹೇಳಿದ್ದು. ನಮಗೆ ಯಾರೂ ಹೇಳಿಲ್ಲಲ್ಲ."

ಬುಡದಲ್ಲಿ ಬಿಟ್ಟಿದ್ದ ಕಾರು ಕಾಣುವಷ್ಟು ಹತ್ತಿರ ಬಂದಾಗ ಅಕ್ಕೋರು ಬಿದ್ದರು. ಬುಡದ ಊರಿನಲ್ಲಿ ಸಣ್ಣ ಸರ್ಕಾರಿ ಆಸ್ಪತ್ರೆ ಇತ್ತು. ಡಾಕ್ಟರು ಸುಡಾನಿನವರು, ಒಳ್ಳೆಯ ಮನುಷ್ಯ. ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು. ಎಚ್ಚರವಾದ ಕೂಡಲೇ ಅಕ್ಕೋರು ಸೂಜಿ ಕಿತ್ತರು.

"ಇದು ಕುಡಿಯೋದಲ್ಲ ಅಕ್ಕೋರೇ," ಎಂದೆ.

"ಬಾಯಿಂದಾದ್ರೇನು, ತೋಳಿಂದಾದ್ರೇನು, ನೀರೇ ಅಲ್ಲೇನ್ರಿ?"

ಮತ್ತೆ ಚುಚ್ಚಿದರು, ಮತ್ತೆ ಕಿತ್ತರು. ಡಾಕ್ಟರಿಗೆ ಸಿಟ್ಟು ಬಂತು. ಮೈಯಲ್ಲಿ ನೀರಿಲ್ಲ, ಮೂತ್ರ ಕಟ್ಟಿದೆ, ಹೀಗೇ ಆದರೆ ಬೆಳಗಾಗುವುದರೊಳಗೆ ಕಿಡ್ನಿ ಕೈಕೊಡುತ್ತದೆ, ಚಿಕಿತ್ಸೆ ಬೇಡವೆಂದು ಬರೆದುಕೊಡಿ ಎಂದರು. ಕೈಕಾಲು ಕಟ್ಟಿಯಾದರೂ ಹಾಕಿ ಎಂದು ನಾನು ಯಜಮಾನರಿಗೆ ಹೇಳಿದೆ. ಗಟ್ಟಿಯಾಗಿಯೇ ಹೇಳಿರಬೇಕು. ಅಕ್ಕೋರು ಕಣ್ಣು ಮುಚ್ಚಿಕೊಂಡೇ ನಕ್ಕರು. "ಕಟ್ರಿ. ಬಿಚ್ಚಿದ ಮ್ಯಾಲೆ?"

ಯಜಮಾನರು ಎದ್ದರು. "ಊರಿಗೆ ಫೋನ್ ಹಚ್ತೀನಿ. ಅಯ್ಯನೋರನ್ನ ಕೇಳ್ತೀನಿ" ಎಂದರು. ಅಯ್ಯನೋರು ಎಂದರೆ ಅಕ್ಕೋರಿಗೆ ಲಿಂಗ ಕಟ್ಟಿದ ಮಠದ ಹಿರಿಯರು. ಅಕ್ಕೋರ ಕಣ್ಣು ತೆರೆಯಿತು.

ಆಸ್ಪತ್ರೆಯ ಅಂಗಳದಲ್ಲಿ ಕಾರ್ಡು ಹಾಕುವ ಫೋನಿನ ಗಾಜಿನ ಗೂಡು ಇತ್ತು. ಕಿಟಕಿಯಿಂದ ನನಗೆ ಯಜಮಾನರ ಬೆನ್ನು ಕಾಣುತ್ತಿತ್ತು. ಬಹಳ ಹೊತ್ತು ಒಳಗಿದ್ದರು. ತಿರುಗಿ ಬಂದಾಗ ಅಂಗಿ ನೆನೆದಿತ್ತು.

"ಸಿಕ್ಕಿದ್ರು," ಎಂದರು. "ನೀರು ತಗಳ್ಳಿ ಅಂದ್ರು. ಊರಿಗೆ ಬಂದಾಗ ಹೊಸಾದು ಕಟ್ತೀವಿ, ಅಲ್ಲೀತನಕ ಬರಿ ಅಂಗೈನೇ ಲಿಂಗ ಅಂತ ತಿಳ್ಕಂಡು ಪೂಜಿ ಮಾಡ್ಲಿ ಅಂದ್ರು."

ಅಕ್ಕೋರು ಅವರನ್ನು ನೋಡುತ್ತಲೇ ಇದ್ದರು. "ಅಯ್ಯನೋರು ಹೆಂಗದಾರೆ? ಕೆಮ್ಮು?"

"ಕಡಿಮಿ ಆಗೇತಂತೆ."

ಅಕ್ಕೋರು ಎದ್ದು ಕೂತರು. ಎಡಗೈ ಚಾಚಿದರು. ಯಜಮಾನರು ಆ ಖಾಲಿ ಅಂಗೈಗೆ ನೀರು ಬಿಟ್ಟರು. ಅಕ್ಕೋರು ಸ್ವಲ್ಪ ಹೊತ್ತು ಅಂಗೈ ನೋಡಿ, ಆಮೇಲೆ ಲೋಟ ತೆಗೆದುಕೊಂಡು ಕುಡಿದರು. ನಾನು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ.

ಬೇಸಗೆ ರಜೆಯವರೆಗೆ ಅವರ ಮನೆಯಲ್ಲಿ ಊಟಕ್ಕೆ ಹೋದಾಗಲೆಲ್ಲ ಆ ಖಾಲಿ ಅಂಗೈಯ ಪೂಜೆ ನೋಡಿದೆ. ನೀರು, ವಿಭೂತಿ, ದೃಷ್ಟಿ, ಎಲ್ಲ ಮೊದಲಿನ ಹಾಗೆಯೇ. ಅಷ್ಟು ಹೊತ್ತೂ ಯಜಮಾನರು ಎದ್ದು ಬಾಲ್ಕನಿಗೆ ಹೋಗಿ ರಸ್ತೆ ನೋಡುತ್ತಿದ್ದರು. ಭಕ್ತಿ ಎಂದುಕೊಂಡಿದ್ದೆ.

ರಜೆಯಲ್ಲಿ ಅಕ್ಕೋರು ಒಬ್ಬರೇ ಊರಿಗೆ ಹೋಗಿ ಹೊಸ ಲಿಂಗ ಕಟ್ಟಿಸಿಕೊಂಡು ಬಂದರು. ಬಂದ ಮೇಲೆ ಸೋಮವಾರದ ಉಪವಾಸ ಶುರುವಾಯಿತು. ಸೂರ್ಯ ಮುಳುಗುವವರೆಗೆ ನೀರೂ ಇಲ್ಲ. ಸೋಮವಾರ ಹಿಡಿಯುವವರು ನಮ್ಮಲ್ಲಿ ಬೇಕಾದಷ್ಟು ಜನ, ಹಾಲು ಹಣ್ಣು ತಿಂದುಕೊಂಡು. ಇವರದು ಮಾತ್ರ ಒಣ ಸೋಮವಾರ. ನಾನು ಕೇಳಿದರೆ, "ನಿಮಗ್ಯಾಕ್ರಿ, ನಿಮ್ಮ ರೊಟ್ಟಿ ಕಡಿಮಿ ಆತೇನು?" ಎಂದು ಹಾರಿಸುತ್ತಿದ್ದರು.

ಕೆಲವು ವರ್ಷಗಳಲ್ಲಿ ನಾವೆಲ್ಲ ವಾಪಸು ಬಂದೆವು. ಅವರು ಶಿಕಾರಿಪುರದಲ್ಲಿ ಸಣ್ಣ ಮನೆ ಕಟ್ಟಿಕೊಂಡರು, ಯಜಮಾನರು ಅಡಿಕೆ ಮಂಡಿಯೊಂದರಲ್ಲಿ ಕೂರತೊಡಗಿದರು. ನಾನು ಸೊರಬದ ಕಾಲೇಜೊಂದರಲ್ಲಿ, ಎಂದಿನಂತೆ ಅಸಮಾಧಾನದಿಂದ, ಪಾಠ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಯಜಮಾನರು ಬಸ್ಸು ಹಿಡಿದು ಕಾಲೇಜಿಗೇ ಬಂದರು.

"ಶಿವಮೊಗ್ಗದ ಡಾಕ್ಟ್ರು ಆಕೀದು ಕಿಡ್ನಿ ಅರ್ಧಕ್ಕರ್ಧ ಹೋಗೇತಿ ಅಂದಾರೆ. ಬಾಯಿ ಒಣಗಿಸಲೇ ಬಾರದಂತೆ. ಸೋಮವಾರ ಬಿಡು ಅಂದ್ರೆ ಬಿಡವಲ್ಲಳು. ನಿಮ್ಮ ಮಾತು ಕೇಳ್ತಾಳ್ರಿ."

ನನ್ನ ಮಾತು ಅವರು ಎಂದೂ ಕೇಳಿದವರಲ್ಲ. ಆದರೆ ಆ ಮನುಷ್ಯ ಕಾಲೇಜಿನ ಕಾರಿಡಾರಿನಲ್ಲಿ ಕೈಚೀಲ ಎದೆಗೆ ಅವುಚಿಕೊಂಡು ನಿಂತಿದ್ದನ್ನು ನೋಡಿ ಇಲ್ಲ ಎನ್ನಲಾಗಲಿಲ್ಲ.

ಹಕ್ಕಿ ನೋಡುವ ನೆವದಲ್ಲಿ ಅಕ್ಕೋರನ್ನು ಗುಡವಿಗೆ ಕರೆದುಕೊಂಡು ಹೋದೆ. ಮುಖ ಊದಿತ್ತು, ಪಾದ ಬೂಟಿನಲ್ಲಿ ಹಿಡಿಸುತ್ತಿರಲಿಲ್ಲ. ಚಪ್ಪಲಿಯಲ್ಲಿ ಅವರನ್ನು ಮೊದಲ ಸಲ ನೋಡಿದ್ದು. ಕೆರೆಯ ತುಂಬ ಹಕ್ಕಿಗಳ ಗಲಾಟೆ, ನೀರೊಳಗಿನ ಮರಗಳ ಮೇಲೆ ಗೂಡು. ದಂಡೆಯ ಕಟ್ಟೆಯ ಮೇಲೆ ಕೂತೆವು.

"ಅವರು ಕಳಿಸಿದ್ರೇನು?"

"ಹೂಂ."

"ಗೊತ್ತಿತ್ತು. ನೀವು ಪುಕ್ಕಟೆ ಯಾರನ್ನೂ ಎಲ್ಲೂ ಕರ್ಕಂಡು ಹೋಗೋರಲ್ಲ."

ನಾನು ಡಾಕ್ಟರರ ಮಾತು ಹೇಳಿದೆ. ವಿಜ್ಞಾನ ಹೇಳಿದೆ. ಅಕ್ಕೋರು ಗೂಡಿಗೆ ಕಡ್ಡಿ ತರುತ್ತಿದ್ದ ಒಂದು ಬೆಳ್ಳಕ್ಕಿಯನ್ನೇ ನೋಡುತ್ತಿದ್ದರು.

"ಅವತ್ತು ಇವರು ಫೋನ್ ಹಚ್ಚಿರಲಿಲ್ಲ ರೀ," ಎಂದರು.

ನನಗೆ ಮೊದಲು ಯಾವ ಫೋನು ಎಂದೇ ತಿಳಿಯಲಿಲ್ಲ.

"ಲಿಂಗ ಕಟ್ಟಿಸ್ಕಳಾಕೆ ಬಂದಾಗ ಅಯ್ಯನೋರ ಕಾಲಿಗೆ ಬಿದ್ದು, ಫೋನಿನಾಗೆ ಅಪ್ಪಣೆ ಕೊಟ್ಟು ಜೀವ ಉಳಿಸಿದ್ರಿ ಅಂದೆ. ಅವರಿಗೆ ಏನೂ ಗೊತ್ತಿಲ್ಲ. ಆ ತಿಂಗಳು ಶ್ರೀಶೈಲಕ್ಕೆ ಹೋಗಿದ್ರಂತೆ. ಮಠದಾಗೆ ಇರಲೇ ಇಲ್ಲ." ನಕ್ಕರು. "ಕೆಮ್ಮು ಕಡಿಮಿ ಆಗೇತಂತೆ ಅಂದ್ರು ನೋಡ್ರಿ. ಎಂಥಾ ಮನುಷ್ಯ, ಎಂಥಾ ಸುಳ್ಳು."

"ಸಿಟ್ಟು ಬರಲಿಲ್ವಾ?"

"ಬಂತು. ಒಂದು ದಿನ. ಆಮ್ಯಾಲೆ, ಹುಳ ಇದ್ರೆ ಐತಿ ಅನ್ನೋ ಮನುಷ್ಯ ಆ ಗಾಜಿನ ಗೂಡಿನಾಗೆ ಒಬ್ರೇ ನಿಂತು ಏನೇನು ಪಟ್ಟಿರಬೇಕು ಅಂತ ಅನ್ನಿಸ್ತು. ಲಿಂಗದ ವಿಷಯದಾಗೆ ಸುಳ್ಳು ಹೇಳ್ಯಾರೆ ರೀ ನನ್ನ ಸಲುವಾಗಿ. ಅವರಿಗೆ ಅದಕ್ಕಿಂತ ದೊಡ್ಡ ಪಾಪ ಇಲ್ಲ."

ಆಗ ಸೋಮವಾರದ ಗುಟ್ಟು ಹೇಳಿದರು. ಆ ಬೆಟ್ಟದ ಮುದುಕಿ ಹೇಳಿದ ಹಾಗೆ, ಅಪ್ಪಣೆಯಿಲ್ಲದೆ ನೀರು ಕುಡಿದ ದಿನಗಳನ್ನು ದಿನಕ್ಕೊಂದು ಸೋಮವಾರದಂತೆ ತೀರಿಸುತ್ತಿದ್ದರಂತೆ.

ನನಗೆ ಹಿಡಿಯಲು ಒಂದು ಕೊಂಬೆ ಸಿಕ್ಕಂತಾಯಿತು. "ಹಾಗಾದ್ರೆ ಅದು ಮುಗಿದು ಎಷ್ಟೋ ಕಾಲ ಆಯ್ತಲ್ಲ ಅಕ್ಕೋರೇ. ಮಾರ್ಚಿಂದ ಜೂನ್‌ವರೆಗೆ ಕುಡಿದಿದ್ದು. ಅಷ್ಟು ಸೋಮವಾರ ಯಾವತ್ತೋ ಕಳೀತು."

"ನಂದು ಮುಗೀತು. ಈಗ ನಡೀತಿರೋದು ಅವರದು."

ನಾನು ಹಕ್ಕಿ ಬಿಟ್ಟು ಅವರ ಮುಖ ನೋಡಿದೆ.

"ಅವರ ಸುಳ್ಳಿಂದು ಎಷ್ಟು ದಿನ ಅಂತ ಆ ಮುದುಕಿ ಹೇಳಿರಲಿಲ್ಲ. ಲೆಕ್ಕದ ಟೀಚರು ನಾನು, ನನಗೂ ಗೊತ್ತಾಗವಲ್ದು. ಅದಕ್ಕೇ ನಡಿಸ್ಕಂಡು ಹೊಂಟೀನಿ."

"ಅವರಿಗೆ ಹೇಳಿಬಿಡಿ. ನನಗೆ ಗೊತ್ತು, ಸಿಟ್ಟಿಲ್ಲ ಅಂತ ಹೇಳಿ. ಇಬ್ಬರಿಗೂ ಹಗುರ ಆಗುತ್ತೆ."

"ಹೇಳಿದ್ರೆ, ನಾನು ನೀರು ಬಿಟ್ಟದ್ದು ತಮ್ಮ ಸಲುವಾಗಿ ಅಂತ ತಿಳೀತತಿ. ಈ ಕಾಲು ಊದಿದ್ದು ನೋಡಿದಾಗೆಲ್ಲ ಸಾಯ್ತಾರೆ. ನೀವೂ ಹೇಳಬ್ಯಾಡ್ರಿ. ಯಾವತ್ತೂ."

ನಾನು ತಲೆಯಾಡಿಸಿದೆ. ಶಿಕಾರಿಪುರಕ್ಕೆ ಬಿಡಲು ಹೋದಾಗ ಯಜಮಾನರು ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದರು. ಅಕ್ಕೋರು ಒಳಗೆ ಹೋದ ಮೇಲೆ, "ಆಗಲಿಲ್ಲ" ಎಂದೆ. ಕಾರಣ ಹೇಳಿದ್ದರೆ ಆ ಮನುಷ್ಯ ಅವತ್ತೇ ಹೆಂಡತಿಯ ಕಾಲು ಹಿಡಿದು ಸೋಮವಾರ ಬಿಡಿಸುತ್ತಿದ್ದರೇನೋ. ಅಥವಾ ಅಕ್ಕೋರು ಹೇಳಿದ ಹಾಗೆ ಅವರೇ ಮುರಿದು ಬೀಳುತ್ತಿದ್ದರೋ. ಆ ಬೀದಿಯಲ್ಲಿ ನಿಂತು ಎರಡನ್ನೂ ತೂಗಿದೆ. ತಕ್ಕಡಿ ಯಾವ ಕಡೆಗೂ ವಾಲಲಿಲ್ಲ.

ಅಕ್ಕೋರು ನಿಜವಾಗಿಯೂ "ಈಗ ನಡೀತಿರೋದು ಅವರದು" ಎಂದರೇ? ಈ ಒಂದು ಮಾತನ್ನು ಅದೆಷ್ಟು ಸಲ ತಿರುಗಿಸಿ ನೋಡಿದ್ದೇನೋ. ಉಪವಾಸ ಬಿಡುವ ಮನಸ್ಸಿಲ್ಲದ ಹೆಂಗಸೊಬ್ಬಳು ನನ್ನ ಬಾಯಿ ಮುಚ್ಚಿಸಲು ಬೇರೇನೋ ಹೇಳಿದ್ದನ್ನು, ನಾನು ಈಚೆಗೆ ಇಷ್ಟು ಅಂದವಾಗಿ ಮಾಡಿಕೊಂಡಿರಬಹುದು. ಸಾಕ್ಷಿ ಹೇಳಲು ಆ ಕಟ್ಟೆಯ ಮೇಲೆ ಬೇರೆ ಯಾರೂ ಇರಲಿಲ್ಲ. ಆದರೆ ಊದಿದ ಪಾದ ನೆನಪಿನ ತಪ್ಪಲ್ಲ. ಮುಂದಿನ ಸೋಮವಾರಗಳೂ ಅಲ್ಲ.

ಆ ದಶಕ ಮುಗಿಯುವ ಮೊದಲೇ ಅಕ್ಕೋರು ಹೋದರು. ನಮ್ಮ ಪದ್ಧತಿಯಂತೆ ಕೂರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡಿದರು. ಲಿಂಗ ಇಟ್ಟದ್ದು ಯಜಮಾನರೇ. ಇಟ್ಟವರು ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದ್ದನ್ನು ನಾನು ನೋಡಿದೆ.

ಹದಿನೈದು ದಿನ ಬಿಟ್ಟು ಅವರ ಮನೆಗೆ ಹೋದೆ. ಯಜಮಾನರು ಒಬ್ಬರೇ ಇದ್ದರು. ತಾವೇ ಟೀ ಮಾಡಿದರು. ಲೋಟ ನನ್ನ ಮುಂದಿಟ್ಟು, "ಸಕ್ಕರಿ ಹೆಚ್ಚಾಗೇತಿ" ಎಂದರು. ಆಮೇಲೆ ಕೂತು, ನೆಲ ನೋಡುತ್ತಾ ಹೇಳಿದರು.

"ಅವತ್ತು ನಾನು ಫೋನ್ ಹಚ್ಚಿರಲಿಲ್ಲ ಮೇಷ್ಟ್ರೇ. ಕಾರ್ಡು ಹಾಕಿದ್ದೆ. ನಂಬರ್ ಒತ್ತಾಕೆ ಧೈರ್ಯ ಬರಲಿಲ್ಲ. ಬ್ಯಾಡ ಅಂದುಬಿಟ್ರೆ?"

ನಾನು ಟೀ ಕುಡಿದೆ.

"ಆಕಿಗೆ ಹೇಳಬೇಕು ಹೇಳಬೇಕು ಅಂತ ಇಷ್ಟು ವರ್ಷ. ಕೊನಿಗೆ ಮಣ್ಣು ಮಾಡುವಾಗ ಕಿವ್ಯಾಗೆ ಹೇಳಿದೆ. ಅದೇನು ಕೇಳಿದಂಗಾತೇನು?" ತಲೆ ಎತ್ತಿದರು. "ಆಕಿಗೆ ಗೊತ್ತಾಗಿತ್ತೇನೋ ಅಂತ ಒಂದೊಂದು ಸಲ ಅನ್ನಿಸ್ತಿತ್ತು. ನಿಮ್ಮ ಹತ್ರ ಎಲ್ಲಾ ಮಾತಾಡ್ತಿದ್ಲು. ಏನಾದ್ರೂ ಅಂದಿದ್ಲೇನ್ರಿ?"

"ಇಲ್ಲ," ಎಂದೆ.

ಅವರು ನಿಧಾನ ತಲೆಯಾಡಿಸಿದರು. ಸಮಾಧಾನವಾಯಿತು ಎಂದುಕೊಂಡೆ.

"ಹಂಗಾರೆ ಇಷ್ಟು ವರ್ಷ ನಾನೊಬ್ಬನೇ ಹೊತ್ಕಂಡಿದ್ದೆ ಅಂದಂಗಾತು," ಎಂದರು.

ಅಲ್ಲ ಎನ್ನಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡುತ್ತಲೇ ಇದ್ದರು. ತೆರೆದ ಬಾಯಿಗೆ ಟೀ ಲೋಟ ಎತ್ತಿಕೊಂಡೆ. ಅದರಲ್ಲಿ ಟೀ ಉಳಿದಿರಲಿಲ್ಲ.